ತಲೆಯೆಣಿಕೆ ಅದೇ, ಊರು ಬೇರೆ: ಫರ್ಗುಸನ್ ಉಪನಗರದ ಜನಸಂಖ್ಯೆ ಮತ್ತು ಆದಾಯ

ಅಮೆರಿಕದ ಮಿಸೌರಿ ರಾಜ್ಯದ ಫರ್ಗುಸನ್ ಪಟ್ಟಣದಲ್ಲಿ 1990ರ ಜನಗಣತಿಯ ಲೆಕ್ಕಕ್ಕೆ ಸಿಕ್ಕವರು 22,286 ಮಂದಿ. 2000ದಲ್ಲಿ ಎಣಿಸಿದಾಗ 22,406. ಹತ್ತು ವರ್ಷಕ್ಕೆ ಹೆಚ್ಚಾದವರು ಬರೀ 120 ಜನ. ಈ ಎರಡು ಸಂಖ್ಯೆಗಳನ್ನಷ್ಟೇ ನೋಡಿದವರಿಗೆ ಅದು ಏನೂ ನಡೆಯದ, ತಣ್ಣಗೆ ಮಲಗಿದ ಊರು. ಒಳಗಿನ ಕೋಷ್ಟಕ ತೆರೆದರೆ ಬೇರೆಯೇ ಸಂಗತಿ ಕಾಣುತ್ತದೆ. ಆ ಹತ್ತು ವರ್ಷದಲ್ಲಿ ಬಿಳಿಯರ ಪಾಲು ಶೇ. 73.8ರಿಂದ ಶೇ. 44.7ಕ್ಕೆ ಇಳಿಯಿತು, ಕಪ್ಪುವರ್ಣೀಯರ ಪಾಲು ಶೇ. 25.1ರಿಂದ ಶೇ. 52.4ಕ್ಕೆ ಏರಿತು. ತಲೆಲೆಕ್ಕಕ್ಕೆ ಇಳಿಸಿದರೆ ಸುಮಾರು 6,400 ಬಿಳಿಯರು ಕಡಿಮೆಯಾಗಿ, 6,100ಕ್ಕೂ ಹೆಚ್ಚು ಕಪ್ಪುವರ್ಣೀಯರು ಸೇರಿಕೊಂಡಿದ್ದರು. ಊರಿನ ಕಾಲು ಭಾಗಕ್ಕಿಂತ ಹೆಚ್ಚು ಜನ ಬದಲಾದರೂ ಒಟ್ಟು ಮೊತ್ತ ಮಿಸುಕಲಿಲ್ಲ. ಸಣ್ಣ ಉಪನಗರವೊಂದರ ಜನಸಂಖ್ಯೆಯನ್ನು ಓದುವಾಗ ಮೊತ್ತವನ್ನು ನೆಚ್ಚಿಕೊಂಡರೆ ಹೇಗೆ ಮೋಸಹೋಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕನ್ನಡದಲ್ಲಿ ಉಪನಗರ ಎಂದೊಡನೆ ಜಯನಗರವೋ ರಾಜಾಜಿನಗರವೋ ಕಣ್ಣಿಗೆ ಬರುತ್ತದೆ: ದೊಡ್ಡ ಪಾಲಿಕೆಯ ಒಳಗೇ ಇರುವ ಬಡಾವಣೆ, ನೀರು ಇಡೀ ನಗರದ ಮಂಡಳಿಯದು, ಪೊಲೀಸರು ರಾಜ್ಯ ಸರ್ಕಾರದವರು. ಅಮೆರಿಕದ ಉಪನಗರದ ರೀತಿಯೇ ಬೇರೆ. ಫರ್ಗುಸನ್‌ನ ವಿಸ್ತೀರ್ಣ ಸುಮಾರು 16 ಚದರ ಕಿಲೋಮೀಟರ್. ಅಷ್ಟಗಲದ ಊರಿಗೆ ತನ್ನದೇ ಮೇಯರ್, ತನ್ನದೇ ಕೌನ್ಸಿಲ್, ತನ್ನದೇ ಪೊಲೀಸ್ ಪಡೆ, ತನ್ನದೇ ನ್ಯಾಯಾಲಯ. ಇವೆಲ್ಲದರ ಖರ್ಚನ್ನೂ ಬಹುಮಟ್ಟಿಗೆ ಊರೇ ದುಡಿದು ತುಂಬಿಕೊಳ್ಳಬೇಕು. ಫರ್ಗುಸನ್ ಇರುವ ಸೇಂಟ್ ಲೂಯಿಸ್ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಇಂಥ ಪುರಸಭೆಗಳು ತೊಂಬತ್ತರ ಆಸುಪಾಸಿನಲ್ಲಿವೆ. ಕೆಲವಕ್ಕೆ ಸಾವಿರ ಜನರೂ ಇಲ್ಲ. ಒಂದು ರಸ್ತೆಯಲ್ಲಿ ಹತ್ತು ನಿಮಿಷ ಕಾರು ಓಡಿಸಿದರೆ ನಾಲ್ಕೈದು ಊರುಗಳ ಪೊಲೀಸರ ವ್ಯಾಪ್ತಿ ದಾಟಿಹೋಗಬಹುದು.

ಈ ಚೂರುಚೂರು ಭೂಪಟದ ಬೇರು 1876ರಲ್ಲಿದೆ. ಆ ವರ್ಷ ಸೇಂಟ್ ಲೂಯಿಸ್ ನಗರ ಮತದಾನದ ಮೂಲಕ ತನ್ನ ಕೌಂಟಿಯಿಂದ ಬೇರ್ಪಟ್ಟು ತನ್ನ ಗಡಿಗೆ ಬೇಲಿ ಹಾಕಿಕೊಂಡಿತು. ಹೊರಗಿನ ಹಳ್ಳಿ, ಹೊಲಗಳಿಗೆ ನಗರದ ತೆರಿಗೆ ಹಣ ಯಾಕೆ ಸುರಿಯಬೇಕು ಎಂಬುದು ಆಗಿನ ವಾದ. ಹೊರೆ ಎಂದು ಕಳಚಿಕೊಂಡ ಆ ಸೀಮೆಯೇ ಮುಂದೆ ನಗರದ ಜನವನ್ನೂ ದುಡ್ಡನ್ನೂ ಎಳೆದುಕೊಂಡಿತು. 1950ರಲ್ಲಿ 8,56,796 ಜನರಿದ್ದ ನಗರದಲ್ಲಿ 2020ರ ಹೊತ್ತಿಗೆ ಉಳಿದವರು 3,01,578. ಗಡಿ ವಿಸ್ತರಿಸುವ ದಾರಿಯನ್ನು ತಾನೇ ಮುಚ್ಚಿಕೊಂಡಿದ್ದ ನಗರ ಹೋದವರ ಹಿಂದೆ ಹೋಗುವಂತಿರಲಿಲ್ಲ.

ಫರ್ಗುಸನ್ ಹುಟ್ಟಿದ್ದು ರೈಲಿನಿಂದ. ವಿಲಿಯಂ ಫರ್ಗುಸನ್ ಎಂಬ ಜಮೀನುದಾರ 1855ರಲ್ಲಿ ರೈಲ್ವೆ ಕಂಪನಿಗೆ 10 ಎಕರೆ ಬಿಟ್ಟುಕೊಟ್ಟ; ಅಲ್ಲೊಂದು ನಿಲ್ದಾಣ ಆಗಬೇಕು, ಅದಕ್ಕೆ ತನ್ನ ಹೆಸರಿರಬೇಕು ಎಂಬುದು ಅವನ ಷರತ್ತು. 1894ರಲ್ಲಿ ಊರು ಪುರಸಭೆಯಾಯಿತು. ನಗರದಲ್ಲಿ ಕೆಲಸ, ಹೊರವಲಯದಲ್ಲಿ ಮರಗಳ ನೆರಳಿನ ಮನೆ ಎಂಬ ಅನುಕೂಲ ಬಯಸಿದ ಸ್ಥಿತಿವಂತರು ಮೊದಲು ಬಂದರು. ಅವರು ಕಟ್ಟಿದ ದೊಡ್ಡ ಜಗುಲಿಯ ಮರದ ಮನೆಗಳು ಹಳೆಯ ಭಾಗದಲ್ಲಿ ಇಂದಿಗೂ ಇವೆ. ಆದರೂ ಎರಡನೆಯ ಮಹಾಯುದ್ಧದವರೆಗೆ ಅದು ಕೆಲವೇ ಸಾವಿರ ಜನರ ಊರು.

ಯುದ್ಧ ಮುಗಿದ ಮೇಲೆ ಊರು ದಿಢೀರನೆ ಬೆಳೆಯಿತು. 1950ರಲ್ಲಿ 11,573, 1960ರಲ್ಲಿ 22,149, 1970ರಲ್ಲಿ 28 ಸಾವಿರದ ಮೇಲೆ. ಹತ್ತಿರದ ಲ್ಯಾಂಬರ್ಟ್ ವಿಮಾನ ನಿಲ್ದಾಣದ ಬದಿಯಲ್ಲಿ ಮ್ಯಾಕ್‌ಡೊನೆಲ್ ವಿಮಾನ ಕಾರ್ಖಾನೆ, ಊರೊಳಗೇ ಎಮರ್ಸನ್ ಎಲೆಕ್ಟ್ರಿಕ್ ಕಂಪನಿ. ಕಾರ್ಖಾನೆಯ ಸಂಬಳ, ಸರ್ಕಾರದ ವಿಮೆಯಿರುವ ಅಗ್ಗದ ಗೃಹಸಾಲ, ಎರಡು ಮೂರು ಕೋಣೆಯ ಅಚ್ಚು ಹಾಕಿದಂಥ ಮನೆ, ಮುಂದೆ ಒಂದು ತುಂಡು ಹುಲ್ಲುಹಾಸು: ಸಾಧಾರಣ ದುಡಿಮೆಗಾರ ಕುಟುಂಬಗಳು ಮಧ್ಯಮ ವರ್ಗಕ್ಕೆ ಏರಿದ್ದು ಈ ಮೆಟ್ಟಿಲುಗಳಿಂದ.

ಮೆಟ್ಟಿಲು ಎಲ್ಲರಿಗೂ ಇರಲಿಲ್ಲ. 1934ರಲ್ಲಿ ಸ್ಥಾಪನೆಯಾದ ಫೆಡರಲ್ ವಸತಿ ಆಡಳಿತವು ಬಿಳಿಯರ ಬಡಾವಣೆಗಳ ಸಾಲಕ್ಕೆ ವಿಮೆ ಕೊಟ್ಟಿತೇ ಹೊರತು ಕಪ್ಪುವರ್ಣೀಯರಿದ್ದ ಕಡೆಗೆ ಕೈಚಾಚಲಿಲ್ಲ. ಕಪ್ಪುವರ್ಣೀಯರಿಗೆ ಮಾರಕೂಡದು ಎಂಬ ಕರಾರನ್ನು ಕ್ರಯಪತ್ರಗಳಲ್ಲೇ ಬರೆಯುವ ಪದ್ಧತಿ ಸೇಂಟ್ ಲೂಯಿಸ್ ಸುತ್ತ ವ್ಯಾಪಕವಾಗಿತ್ತು. ಅಂಥ ಕರಾರನ್ನು ನ್ಯಾಯಾಲಯಗಳು ಜಾರಿ ಮಾಡಕೂಡದು ಎಂದು ಸುಪ್ರೀಂ ಕೋರ್ಟ್ 1948ರಲ್ಲಿ ಕೊಟ್ಟ ಶೆಲ್ಲಿ ತೀರ್ಪು ಹುಟ್ಟಿದ್ದೂ ಇದೇ ನಗರದ ಲಬಾಡಿ ಅವೆನ್ಯೂದ ಒಂದು ಮನೆಯ ವ್ಯಾಜ್ಯದಿಂದ. ತೀರ್ಪು ಬಂತು, ರೂಢಿ ಹೋಗಲಿಲ್ಲ.

ಪಕ್ಕದ ಕಿನ್‌ಲಾಕ್ ಊರಿನ ಕಥೆ ಇದನ್ನು ಹತ್ತಿರದಿಂದ ತೋರಿಸುತ್ತದೆ. ಅದು ಕಪ್ಪುವರ್ಣೀಯರು ಜಮೀನು ಕೊಂಡು ನೆಲೆಸಿದ ಊರು. ಶಾಲಾಡಳಿತ ಕಪ್ಪುವರ್ಣೀಯರ ಕೈಗೆ ಹೋದೀತು ಎಂಬ ಆತಂಕದಿಂದ ಅದರ ಬಿಳಿಯರ ಭಾಗ 1937ರಲ್ಲಿ ಬೇರೆಯಾಗಿ ಬರ್ಕ್ಲಿ ಎಂಬ ಪ್ರತ್ಯೇಕ ಪಟ್ಟಣವಾಯಿತು. ಫರ್ಗುಸನ್ ಮತ್ತು ಕಿನ್‌ಲಾಕ್ ನಡುವಿನ ಮುಖ್ಯ ರಸ್ತೆಗೆ 1960ರ ದಶಕದವರೆಗೂ ಸರಪಳಿ, ಕಟ್ಟಡ ಸಾಮಗ್ರಿಗಳ ಅಡ್ಡಗಟ್ಟು ಇತ್ತು. ಇನ್ನೊಂದು ರಸ್ತೆಯನ್ನು ಹಗಲು ಹೊತ್ತಿನಲ್ಲಿ ತೆರೆದಿಡುತ್ತಿದ್ದರು. ಫರ್ಗುಸನ್‌ನ ಮನೆಗಳಲ್ಲಿ ಕಸಮುಸುರೆ ಮಾಡುವ, ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು ಬಂದುಹೋಗಬೇಕಿತ್ತಲ್ಲ. ಕತ್ತಲಾದ ಮೇಲೆ ಕಪ್ಪುವರ್ಣೀಯರು ಕಾಣಿಸಿಕೊಳ್ಳಬಾರದ ಊರುಗಳ ಪಟ್ಟಿಯಲ್ಲಿ ಫರ್ಗುಸನ್ ಕೂಡ ಇತ್ತು. 1970ರ ಜನಗಣತಿಯಲ್ಲಿ ಅದರ ಶೇ. 99ರಷ್ಟು ಜನ ಬಿಳಿಯರಾಗಿದ್ದದ್ದು ತಾನಾಗಿ ಆದದ್ದಲ್ಲ.

ಬಾಗಿಲು ತೆರೆದದ್ದು ಕಾನೂನಿನಿಂದ. 1968ರ ಏಪ್ರಿಲ್‌ನಲ್ಲಿ ಸಂಸತ್ತು ವಸತಿಯಲ್ಲಿ ಜನಾಂಗಭೇದವನ್ನು ನಿಷೇಧಿಸಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಜೋನ್ಸ್ ಮೊಕದ್ದಮೆಯಲ್ಲಿ ಖಾಸಗಿ ಮಾರಾಟಗಾರನೂ ಬಣ್ಣ ನೋಡಿ ಮನೆ ನಿರಾಕರಿಸುವಂತಿಲ್ಲ ಎಂದಿತು. ಆ ಮೊಕದ್ದಮೆ ಎದ್ದದ್ದು ಫರ್ಗುಸನ್‌ನ ಉತ್ತರಕ್ಕಿದ್ದ ಪ್ಯಾಡಕ್ ವುಡ್ಸ್ ಬಡಾವಣೆಯಲ್ಲಿ. ಅದೇ ಸೀಮೆಯ ಬ್ಲ್ಯಾಕ್ ಜ್ಯಾಕ್ ಎಂಬಲ್ಲಿ ಎಲ್ಲ ಬಣ್ಣದವರೂ ಇರಬಹುದಾದ ಬಾಡಿಗೆ ವಸತಿ ಬರಲಿದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಜನ 1970ರಲ್ಲಿ ತರಾತುರಿಯಲ್ಲಿ ಪುರಸಭೆಯನ್ನೇ ಸ್ಥಾಪಿಸಿ, ಹೊಸ ಬಹುಮಹಡಿ ವಸತಿ ಕಟ್ಟದಂತೆ ವಲಯ ನಿಯಮ ತಂದರು. 1974ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು. 1975ರಲ್ಲಿ ಇನ್ನೊಂದು ಆದೇಶ ಕಿನ್‌ಲಾಕ್, ಬರ್ಕ್ಲಿ, ಫರ್ಗುಸನ್-ಫ್ಲೋರಿಸಂಟ್ ಶಾಲಾ ಜಿಲ್ಲೆಗಳನ್ನು ಒಂದುಗೂಡಿಸಿತು. ಸರಪಳಿಯ ಆಚೆ ಈಚೆಯ ಮಕ್ಕಳು ಒಂದೇ ಶಾಲೆಗೆ ಬಂದರು.

ಇತ್ತ ನಗರದೊಳಗೆ ಕಪ್ಪುವರ್ಣೀಯರ ಕಾಲಡಿಯ ನೆಲ ಕುಸಿಯುತ್ತಿತ್ತು. ಮಿಲ್ ಕ್ರೀಕ್ ವ್ಯಾಲಿ ಎಂಬ ಪೇಟೆಯನ್ನು 1959ರಿಂದ ಬುಲ್ಡೋಜರ್ ಬಿಟ್ಟು ಕೆಡವಿದಾಗ ಸುಮಾರು 20 ಸಾವಿರ ಜನ ಎತ್ತಂಗಡಿಯಾದರು. 1950ರ ದಶಕದಲ್ಲಿ ಕಟ್ಟಿದ ಪ್ರೂಯಿಟ್-ಐಗೋ ವಸತಿ ಸಮುಚ್ಚಯದ 33 ಕಟ್ಟಡಗಳು ಎರಡೇ ದಶಕದಲ್ಲಿ ಹಾಳುಬಿದ್ದು, 1972ರಿಂದ 1976ರೊಳಗೆ ನೆಲಸಮವಾದವು. ಅಲ್ಲಿಂದ ಹೊರಟವರಿಗೆ ಎಟುಕಿದ್ದು ನಗರದ ಉತ್ತರ, ಅದರಾಚೆಗೆ ಕೌಂಟಿಯ ಉತ್ತರ ಭಾಗ. ದಕ್ಷಿಣ, ಪಶ್ಚಿಮಗಳ ದುಬಾರಿ ಉಪನಗರಗಳು ದೊಡ್ಡ ನಿವೇಶನದ ನಿಯಮಗಳ ಹಿಂದೆ ಬೆಚ್ಚಗಿದ್ದವು.

ಜನಸಂಖ್ಯೆಯ ಹೊರಳು ಹೀಗೆ ಶುರುವಾಯಿತು. 1980ರಲ್ಲಿ ಫರ್ಗುಸನ್‌ನ ಕಪ್ಪುವರ್ಣೀಯರ ಪಾಲು ಸುಮಾರು ಶೇ. 14, 1990ರಲ್ಲಿ ಶೇ. 25; 2000ದಲ್ಲಿ ಅರ್ಧ ದಾಟಿತು; 2010ರಲ್ಲಿ ಶೇ. 67.4. ಮೊದಲು ಬಂದವರಲ್ಲಿ ಹೆಚ್ಚಿನವರು ಬಡವರಾಗಿರಲಿಲ್ಲ. ನಗರದ ಹಳೆ ಪೇಟೆ ಬಿಟ್ಟು ಒಳ್ಳೆಯ ಶಾಲೆ, ಸ್ವಂತ ಮನೆ, ಹಿತ್ತಲು ಬಯಸಿ ಬಂದ ನೌಕರಿಯ ಕುಟುಂಬಗಳು ಅವು. ಮೂವತ್ತು ವರ್ಷ ಹಿಂದೆ ಬಿಳಿಯರ ದುಡಿಮೆಗಾರ ಕುಟುಂಬಗಳು ಬಂದದ್ದೂ ಇದಕ್ಕೇ. ಹೋದವರಲ್ಲೂ ಎರಡು ಬಗೆ. 1950ರ ದಶಕದಲ್ಲಿ ಮನೆ ಕೊಂಡಿದ್ದವರು ಮುಪ್ಪಾಗಿದ್ದರು, ಮಕ್ಕಳು ಬೆಳೆದು ಮನೆ ಬಿಟ್ಟಿದ್ದರು. 1970ರಿಂದ 1990ರ ನಡುವೆ ಊರಿನ ಜನಸಂಖ್ಯೆ ಕುಗ್ಗಿದ್ದರಲ್ಲಿ ಹೀಗೆ ಮನೆಯೊಂದರ ತಲೆ ಕಡಿಮೆಯಾದದ್ದರ ಪಾಲೂ ಇದೆ. ಎರಡನೆಯ ಬಗೆಯವರಲ್ಲಿ ಹಲವರು ಮಿಸೌರಿ ನದಿ ದಾಟಿ ಸೇಂಟ್ ಚಾರ್ಲ್ಸ್ ಕೌಂಟಿಗೆ ಹೋದರು. ಆ ಕೌಂಟಿಯ ಜನಸಂಖ್ಯೆ 1970ರಲ್ಲಿ 92,954, 2010ರಲ್ಲಿ 3,60,485.

ಕಿನ್‌ಲಾಕ್ ಮಾತ್ರ ಬದಲಾಗುವುದಿರಲಿ, ಇಲ್ಲವಾಗುತ್ತ ಬಂತು. ವಿಮಾನ ನಿಲ್ದಾಣ ಸದ್ದಿನ ನೆಪದಲ್ಲಿ, ವಿಸ್ತರಣೆಯ ಯೋಜನೆಯಲ್ಲಿ ಮನೆಗಳನ್ನು ಕೊಳ್ಳುತ್ತ ಹೋಯಿತು. 1990ರಲ್ಲಿ 2,702 ಜನರಿದ್ದ ಊರಲ್ಲಿ 2000ದಲ್ಲಿ 449, 2010ರಲ್ಲಿ 298, 2020ರಲ್ಲಿ 263 ಜನ ಉಳಿದರು. ಮನೆ ಮಾರಿದವರಲ್ಲಿ ಹಲವರು ನೆಲೆ ಹುಡುಕಿ ಬಂದದ್ದು ಫರ್ಗುಸನ್‌ನ ಬಾಡಿಗೆ ಮನೆಗಳಿಗೆ. ಊರಿನ ಆಗ್ನೇಯ ಮೂಲೆಯಲ್ಲಿ ಕ್ಯಾನ್‌ಫೀಲ್ಡ್ ಗ್ರೀನ್, ನಾರ್ತ್‌ವಿಂಡ್ಸ್ ಮೊದಲಾದ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳಿದ್ದವು. ಇದರಿಂದ ಒಂದೇ ಪುರಸಭೆಯೊಳಗೆ ಎರಡು ಊರು ಬೆಳೆದವು. ಸೌತ್ ಫ್ಲೋರಿಸಂಟ್ ರಸ್ತೆಯ ಕಡೆ ಪುರಸಭೆ, ಪೊಲೀಸ್ ಠಾಣೆ, ವಾರದ ರೈತರ ಸಂತೆ, ಹಳೆಯ ಮರದ ಮನೆಗಳು. ವೆಸ್ಟ್ ಫ್ಲೋರಿಸಂಟ್ ಅವೆನ್ಯೂ ಕಡೆ ಸಾಲಂಗಡಿ, ಬರ್ಗರ್ ಹೋಟೆಲು, ಕೂದಲಲಂಕಾರದ ಅಂಗಡಿ, ಅವುಗಳ ಹಿಂದೆ ಬಾಡಿಗೆ ಮನೆ. ಹೆಸರಲ್ಲಿ ವ್ಯತ್ಯಾಸ ಕಡಿಮೆ. ನಡುವಿನ ದೂರವೂ ಹೆಚ್ಚಿಲ್ಲ.

ಆದಾಯದ ವಿಷಯಕ್ಕೆ ಬರುವ ಮುನ್ನ ಅಳತೆಗೋಲಿನ ಬಗ್ಗೆ ಒಂದು ಮಾತು. ಅಮೆರಿಕದ ಅಂಕಿಅಂಶಗಳಲ್ಲಿ ಬಳಸುವುದು ಸರಾಸರಿಗಿಂತ ಹೆಚ್ಚಾಗಿ ಮಧ್ಯಾಂಕ: ಎಲ್ಲ ಕುಟುಂಬಗಳನ್ನೂ ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಕುಟುಂಬದ ಆದಾಯ. ನಾಲ್ಕು ಕೋಟ್ಯಧಿಪತಿಗಳು ಊರಿಗೆ ಬಂದು ನೆಲೆಸಿದರೆ ಸರಾಸರಿ ಹಾರುತ್ತದೆ, ಮಧ್ಯಾಂಕ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. 2000ದವರೆಗೆ ಜನಗಣತಿಯ ಹೊತ್ತಿನಲ್ಲೇ ಆರು ಮನೆಗೊಂದರಂತೆ ಉದ್ದನೆಯ ಪ್ರಶ್ನಪತ್ರ ಕೊಟ್ಟು ಆದಾಯ ಕೇಳುತ್ತಿದ್ದರು. ಆಮೇಲೆ ಆ ಕೆಲಸ ಪ್ರತಿವರ್ಷದ ಮಾದರಿ ಸಮೀಕ್ಷೆಗೆ ಹೋಯಿತು. ಇಪ್ಪತ್ತು ಸಾವಿರ ಜನರ ಊರಿನಲ್ಲಿ ಒಂದು ವರ್ಷದ ಮಾದರಿಗೆ ಸಿಗುವ ಮನೆಗಳು ಬಹಳ ಕಡಿಮೆ. ಅದಕ್ಕೇ ಐದು ವರ್ಷದ್ದನ್ನು ಒಟ್ಟು ಸೇರಿಸಿ ಪ್ರಕಟಿಸುತ್ತಾರೆ. ಹಾಗಾಗಿ ಇಂಥ ಊರಿನ ಆದಾಯ ಈ ವರ್ಷ ಒಂದೆರಡು ಶೇಕಡ ಏರಿತು, ಇಳಿಯಿತು ಎಂಬ ಸುದ್ದಿಗೆ ಬೆಲೆ ಕೊಡಬೇಕಿಲ್ಲ. ದಶಕದ ಅಂತರದಲ್ಲಿ ಕಾಣುವ ದೊಡ್ಡ ಚಲನೆಯನ್ನು ನಂಬಬಹುದು.

ಫರ್ಗುಸನ್‌ನ ಚಲನೆ ದೊಡ್ಡದೇ. 2000ದ ಜನಗಣತಿಯಲ್ಲಿ ಕುಟುಂಬದ ಮಧ್ಯಾಂಕ ಆದಾಯ 38,685 ಡಾಲರ್. ಇಡೀ ದೇಶದ್ದು 41,994. ಅಂದರೆ ಊರು ದೇಶಕ್ಕಿಂತ ಶೇ. 8ರಷ್ಟು ಮಾತ್ರ ಹಿಂದಿತ್ತು. 2008–12ರ ಸಮೀಕ್ಷೆಯಲ್ಲಿ ಊರಿನದು 37,517, ದೇಶದ್ದು 53,046. ಡಾಲರ್ ಲೆಕ್ಕದಲ್ಲಿ ಇಳಿತ ಸಾವಿರದ ಚಿಲ್ಲರೆ. ಆದರೆ ಆ ನಡುವೆ ಬೆಲೆಗಳು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿದ್ದವು. ಹಳೆಯ 38,685ಕ್ಕೆ ಸಮನಾಗಿ ನಿಲ್ಲಲು ಸುಮಾರು 53 ಸಾವಿರ ಬೇಕಿತ್ತು. ಇಲ್ಲೂ ಜನಸಂಖ್ಯೆಯ ಮೊತ್ತದಂತೆಯೇ ಮೇಲ್ನೋಟಕ್ಕೆ ಅಲುಗದಂತೆ ಕಾಣುವ ಸಂಖ್ಯೆಯ ಅಡಿಯಲ್ಲಿ ಕೊಳ್ಳುವ ಶಕ್ತಿ ಶೇ. 30ರ ಹತ್ತಿರ ಕರಗಿತ್ತು.

ಬ್ರೂಕಿಂಗ್ಸ್ ಸಂಸ್ಥೆಯ ಎಲಿಜಬೆತ್ ನೀಬೋನ್ 2014ರ ಆಗಸ್ಟ್‌ನಲ್ಲಿ ಮಾಡಿದ ಲೆಕ್ಕ ಇದನ್ನು ಇನ್ನಷ್ಟು ಬಿಡಿಸುತ್ತದೆ. 2000ದಲ್ಲಿ ಶೇ. 5ಕ್ಕಿಂತ ಕಡಿಮೆಯಿದ್ದ ನಿರುದ್ಯೋಗ 2010–12ರಲ್ಲಿ ಶೇ. 13 ದಾಟಿತ್ತು. ಬಡವರ ಸಂಖ್ಯೆ ದುಪ್ಪಟ್ಟಾಗಿ, ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಬಡತನ ರೇಖೆಯ ಕೆಳಗಿದ್ದರು. ಆ ರೇಖೆ 2012ರಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 23,492 ಡಾಲರ್. ಬಾಡಿಗೆಗೆ ಸರ್ಕಾರದ ನೆರವಿನ ಚೀಟಿ ಪಡೆದ ಕುಟುಂಬಗಳು ಸುಮಾರು 300ರಿಂದ 800ರ ಮೇಲಕ್ಕೆ ಹೋದವು. ದೇಶದಲ್ಲೆಲ್ಲ ಆಗುತ್ತಿದ್ದದ್ದರ ಸಣ್ಣ ಪಡಿಯಚ್ಚು ಇದು. ನೀಬೋನ್ ಮತ್ತು ಅಲನ್ ಬೆರೂಬೆ 2013ರಲ್ಲಿ ಪ್ರಕಟಿಸಿದ ಪುಸ್ತಕದ ಪ್ರಕಾರ 2000ದಿಂದ 2011ರೊಳಗೆ ಅಮೆರಿಕದ ಉಪನಗರಗಳ ಬಡವರು ಶೇ. 64ರಷ್ಟು ಹೆಚ್ಚಿ, ನಗರಗಳ ಬಡವರನ್ನು ಸಂಖ್ಯೆಯಲ್ಲಿ ಹಿಂದೆ ಹಾಕಿದ್ದರು. ಬಡತನ ನಗರದ್ದು, ನೆಮ್ಮದಿ ಉಪನಗರದ್ದು ಎಂಬ ಹಳೆಯ ನಂಬಿಕೆ ಅಲ್ಲಿಗೆ ಮುಗಿಯಿತು.

ಬಣ್ಣ ಬದಲಾದದ್ದಕ್ಕೇ ಊರು ಬಡವಾಯಿತು ಎಂಬ ವಿವರಣೆ ಸುಲಭದ್ದು, ತಪ್ಪು ಕೂಡ. ಕಪ್ಪುವರ್ಣೀಯರನ್ನು ತಡೆಯಲೆಂದೇ ಹುಟ್ಟಿದ್ದ ಬ್ಲ್ಯಾಕ್ ಜ್ಯಾಕ್‌ನಲ್ಲಿ 2010ರ ಹೊತ್ತಿಗೆ ಹತ್ತರಲ್ಲಿ ಎಂಟು ಜನ ಕಪ್ಪುವರ್ಣೀಯರೇ. ವಿಧಿಯ ಚೇಷ್ಟೆ ಎನ್ನಬಹುದು. ಆದರೆ ಅಲ್ಲಿನ ಕುಟುಂಬಗಳ ಆದಾಯ ಫರ್ಗುಸನ್‌ಗಿಂತ ಬಹಳ ಮೇಲಿತ್ತು. ವ್ಯತ್ಯಾಸ ಇರುವುದು ಮನೆಗಳ ಬಗೆಯಲ್ಲಿ: ಬ್ಲ್ಯಾಕ್ ಜ್ಯಾಕ್‌ನಲ್ಲಿ ಹೆಚ್ಚಾಗಿ ದೊಡ್ಡ ಸ್ವಂತ ಮನೆಗಳು, ಫರ್ಗುಸನ್‌ನಲ್ಲಿ ಯುದ್ಧದ ನಂತರ ಅವಸರದಲ್ಲಿ ಕಟ್ಟಿ ಅರ್ಧ ಶತಮಾನ ಸವೆದ ಸಣ್ಣ ಮನೆಗಳು, ಜೊತೆಗೆ ಬಾಡಿಗೆ ಸಮುಚ್ಚಯಗಳು. ಅಗ್ಗದ ಮನೆಗಳಿರುವಲ್ಲಿಗೆ ಕಡಿಮೆ ಆದಾಯದವರು ಬರುತ್ತಾರೆ. ಕಾರ್ಖಾನೆಯ ಕೆಲಸಗಳು ಕರಗುತ್ತಿದ್ದ ಕಾಲದಲ್ಲಿ ಬಂದರೆ ಇನ್ನೂ ಕಡಿಮೆ ಆದಾಯದಲ್ಲಿ ಉಳಿಯುತ್ತಾರೆ.

ಅದರ ಮೇಲೆ 2008ರ ಗೃಹಸಾಲದ ಕುಸಿತ ಬಂತು. ಸೇಂಟ್ ಲೂಯಿಸ್‌ನ ಉತ್ತರ ಕೌಂಟಿಯಲ್ಲಿ ಹೆಚ್ಚು ಬಡ್ಡಿಯ ಅಪಾಯದ ಸಾಲಗಳು ಹೇರಳವಾಗಿ ಹಂಚಿಹೋಗಿದ್ದವು. ಕಂತು ಕಟ್ಟಲಾಗದ ಮನೆಗಳು ಬ್ಯಾಂಕಿನ ಪಾಲಾದವು. ಅಲ್ಲಿಂದ ಹೊರಗಿನ ಹೂಡಿಕೆದಾರರ ಕೈ ಸೇರಿ ಬಾಡಿಗೆ ಮನೆಗಳಾದವು. ಉಳಿದವರ ಸ್ಥಿತಿಯೂ ಚೆನ್ನಾಗಿರಲಿಲ್ಲ: 2014ರ ಹೊತ್ತಿಗೆ ಸಾಲದಲ್ಲಿದ್ದ ಮನೆಗಳ ಪೈಕಿ ಅರ್ಧದಷ್ಟಕ್ಕೆ ಮನೆಯ ಬೆಲೆಗಿಂತ ಬಾಕಿ ಸಾಲವೇ ಹೆಚ್ಚಾಗಿತ್ತು. ಅಮೆರಿಕದ ಮಧ್ಯಮ ವರ್ಗದ ಉಳಿತಾಯವೆಲ್ಲ ಮನೆಯ ಗೋಡೆಯೊಳಗೇ ಇರುತ್ತದೆ. ಬಿಳಿಯ ಕುಟುಂಬಗಳು 1955ರಲ್ಲಿ ಕೊಂಡು 1985ರಲ್ಲಿ ಮಾರಿ ಹೋಗುವಾಗ ಆ ಗೋಡೆ ಲಾಭ ಕೊಟ್ಟಿತ್ತು. ಕಪ್ಪುವರ್ಣೀಯ ಕುಟುಂಬಗಳ ಸರದಿ ಬಂದಾಗ ಅದೇ ಗೋಡೆ ಸಾಲವಾಗಿ ಉಳಿಯಿತು. ಆದಾಯದ ಕೋಷ್ಟಕದಲ್ಲಿ ಈ ನಷ್ಟ ಕಾಣುವುದೇ ಇಲ್ಲ.

ಜನ ಬಡವಾದಾಗ ದೊಡ್ಡ ನಗರವಾದರೆ ಸಿರಿವಂತ ಬಡಾವಣೆಯ ತೆರಿಗೆಯಿಂದ ಬಡ ಬಡಾವಣೆಯ ದೀಪ ಉರಿಸಬಹುದು. 16 ಚದರ ಕಿಲೋಮೀಟರಿನ ಊರಿಗೆ ಆ ಆಸರೆಯಿಲ್ಲ. ಮನೆಗಳ ಬೆಲೆ ಬಿದ್ದರೆ ಆಸ್ತಿ ತೆರಿಗೆ ಬೀಳುತ್ತದೆ. ತೆರಿಗೆ ದರ ಏರಿಸೋಣವೆಂದರೆ 1980ರಲ್ಲಿ ಬಂದ ಹ್ಯಾನ್‌ಕಾಕ್ ತಿದ್ದುಪಡಿಯಂತೆ ಮಿಸೌರಿಯಲ್ಲಿ ಜನರ ಮತ ಕೇಳಬೇಕು. ಮಾರಾಟ ತೆರಿಗೆ ಅಂಗಡಿ ಇದ್ದಲ್ಲಿ ಹುಟ್ಟುತ್ತದೆ. ಅಂಗಡಿ ಜನರ ಜೇಬು ನೋಡಿಕೊಂಡು ಬರುತ್ತದೆ. ಹೀಗಾಗಿ ಪುರಸಭೆಯ ಕಣ್ಣು ಬಿದ್ದದ್ದು ದಂಡದ ಮೇಲೆ.

ಮೈಕಲ್ ಬ್ರೌನ್ ಎಂಬ 18 ವರ್ಷದ ನಿರಾಯುಧ ಯುವಕ 2014ರ ಆಗಸ್ಟ್ 9ರಂದು ಕ್ಯಾನ್‌ಫೀಲ್ಡ್ ಗ್ರೀನ್ ಬಳಿ ಪೊಲೀಸ್ ಅಧಿಕಾರಿಯೊಬ್ಬನ ಗುಂಡಿಗೆ ಸತ್ತ ಮೇಲೆ ಈ ಊರಿನ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಆ ನಂತರ ಫೆಡರಲ್ ನ್ಯಾಯ ಇಲಾಖೆ ತನಿಖೆ ಮಾಡಿ 2015ರ ಮಾರ್ಚ್‌ನಲ್ಲಿ ಕೊಟ್ಟ ವರದಿಯನ್ನು ಪೊಲೀಸ್ ವರದಿ ಎಂದು ಓದುವವರೇ ಹೆಚ್ಚು. ಅದು ಒಂದು ಸಣ್ಣ ಊರಿನ ಹಣಕಾಸಿನ ವರದಿಯೂ ಹೌದು. 2010ರ ಹಣಕಾಸು ವರ್ಷದಲ್ಲಿ ಊರಿನ ಸಾಮಾನ್ಯ ನಿಧಿಯ ಆದಾಯ 1.107 ಕೋಟಿ ಡಾಲರ್. ಅದರಲ್ಲಿ ದಂಡ ಮತ್ತು ನ್ಯಾಯಾಲಯ ಶುಲ್ಕದಿಂದ ಬಂದದ್ದು 13.8 ಲಕ್ಷ. 2015ರ ಬಜೆಟ್‌ನಲ್ಲಿ ಒಟ್ಟು 1.326 ಕೋಟಿ, ದಂಡದ ಅಂದಾಜು 30.9 ಲಕ್ಷ. ಎಂಟನೇ ಒಂದು ಭಾಗವಿದ್ದದ್ದು ನಾಲ್ಕನೇ ಒಂದು ಭಾಗದ ಹತ್ತಿರ ಬಂದಿತ್ತು. ದಂಡದ ಮೊತ್ತಗಳನ್ನು ನೋಡಿದರೆ ಈ ಹೆಚ್ಚಳ ಹೇಗಾಯಿತೆಂದು ತಿಳಿಯುತ್ತದೆ: ರಸ್ತೆಯಲ್ಲಿ ಸರಿಯಾಗಿ ನಡೆಯಲಿಲ್ಲವೆಂದು 302 ಡಾಲರ್, ಮನೆಯ ಮುಂದೆ ಹುಲ್ಲು ಉದ್ದ ಬೆಳೆದದ್ದಕ್ಕೆ 531 ಡಾಲರ್ ವಿಧಿಸಿದ ನಿದರ್ಶನಗಳು ವರದಿಯಲ್ಲಿವೆ. ಒಂದು ಕಾಲದಲ್ಲಿ ಮಧ್ಯಮ ವರ್ಗದ ಗುರುತಾಗಿದ್ದ ಹುಲ್ಲುಹಾಸು ಈಗ ವಸೂಲಿಗೆ ದಾರಿಯಾಗಿತ್ತು.

ಈ ಹೊರೆ ಬಿದ್ದದ್ದು ಯಾರ ಮೇಲೆ ಎಂಬುದಕ್ಕೂ ಲೆಕ್ಕವಿದೆ. 2012ರಿಂದ 2014ರವರೆಗೆ ಪೊಲೀಸರು ತಡೆದ ವಾಹನಗಳಲ್ಲಿ ಶೇ. 85, ಬರೆದ ದಂಡದ ಚೀಟಿಗಳಲ್ಲಿ ಶೇ. 90, ಬಂಧನಗಳಲ್ಲಿ ಶೇ. 93 ಕಪ್ಪುವರ್ಣೀಯರವು; ಜನಸಂಖ್ಯೆಯಲ್ಲಿ ಅವರ ಪಾಲು ಶೇ. 67. 2013ರ ಒಂದೇ ವರ್ಷದಲ್ಲಿ, 21 ಸಾವಿರ ಜನರ ಆ ಊರಿನ ನ್ಯಾಯಾಲಯ 9,000ಕ್ಕೂ ಹೆಚ್ಚು ಬಂಧನ ವಾರಂಟುಗಳನ್ನು ಹೊರಡಿಸಿತ್ತು, ಹೆಚ್ಚಿನವು ಸಣ್ಣಪುಟ್ಟ ತಪ್ಪುಗಳಿಗೆ.

ವರದಿಯಲ್ಲಿ ಹೆಸರಿಲ್ಲದ ಒಬ್ಬ ಹೆಂಗಸಿನ ಪ್ರಕರಣವಿದೆ. 2007ರಲ್ಲಿ ಆಕೆ ಒಮ್ಮೆ ಕಾರನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದಳು. ದಂಡ 151 ಡಾಲರ್, ಮೇಲೆ ಶುಲ್ಕ. ಆಕೆಯ ಕೈಲಿ ದುಡ್ಡಿರಲಿಲ್ಲ, ಎಷ್ಟೋ ಕಾಲ ಇರಲು ಮನೆಯೂ ಇರಲಿಲ್ಲ. ಕೋರ್ಟಿನ ದಿನ ತಪ್ಪಿತು, ಕಂತು ತಪ್ಪಿತು. ತಪ್ಪಿದಾಗಲೆಲ್ಲ ಹೊಸ ಆರೋಪ, ಹೊಸ ದಂಡ, ಹೊಸ ವಾರಂಟು. ಎರಡು ಸಲ ಬಂಧನ, ಆರು ದಿನ ಜೈಲು. ನಡುವೆ ಒಮ್ಮೆ 25, ಇನ್ನೊಮ್ಮೆ 50 ಡಾಲರ್ ಕಟ್ಟಲು ನೋಡಿದಾಗ ಪೂರ್ತಿ ಹಣ ತಾ ಎಂದು ನ್ಯಾಯಾಲಯ ವಾಪಸು ಮಾಡಿತು. 2014ರ ಡಿಸೆಂಬರ್ ಹೊತ್ತಿಗೆ ಆಕೆ ಕಟ್ಟಿದ್ದು 550 ಡಾಲರ್, ಇನ್ನೂ ಬಾಕಿ 541.

ಜನಗಣತಿಯ ಆದಾಯದ ಕೋಷ್ಟಕದಲ್ಲಿ ದಂಡಕ್ಕೆ ಅಂಕಣವಿಲ್ಲ. ಆ ಹೆಂಗಸಿನ ಆದಾಯ ಕಾಗದದ ಮೇಲೆ ಕಟ್ಟುವ ಮುಂಚೆ ಎಷ್ಟೋ ಕಟ್ಟಿದ ಮೇಲೂ ಅಷ್ಟೇ. ದಂಡ ಕಟ್ಟದ್ದಕ್ಕೆ ಚಾಲನಾ ಪರವಾನಗಿ ಅಮಾನತಾದರೆ, ಬಸ್ಸು ವಿರಳವಾದ ಉಪನಗರದಲ್ಲಿ ಕೆಲಸಕ್ಕೆ ಹೋಗುವುದೇ ಕಷ್ಟ. ಬಡತನ ಊರಿನ ಬೊಕ್ಕಸವನ್ನು ಬರಿದು ಮಾಡಿತು, ಬೊಕ್ಕಸ ತುಂಬಿಸುವ ಕ್ರಮ ಬಡವರನ್ನು ಇನ್ನಷ್ಟು ಹಿಂಡಿತು. ಉತ್ತರ ಕೌಂಟಿಯ ಬೇರೆ ಸಣ್ಣ ಪುರಸಭೆಗಳಲ್ಲೂ ಇದೇ ನಡೆಯುತ್ತಿತ್ತು, ಕೆಲವೆಡೆ ಇದಕ್ಕಿಂತ ಹೆಚ್ಚಾಗಿ.

ಊರಿನ ಜನ ಬದಲಾದಷ್ಟು ಬೇಗ ಅದರ ಅಧಿಕಾರ ಬದಲಾಗಲಿಲ್ಲ. 2014ರಲ್ಲಿ ಮೇಯರ್ ಬಿಳಿಯರು, ಆರು ಕೌನ್ಸಿಲರ್‌ಗಳಲ್ಲಿ ಐವರು ಬಿಳಿಯರು. 54 ಪೊಲೀಸರಲ್ಲಿ ಕಪ್ಪುವರ್ಣೀಯರು ನಾಲ್ಕೇ ಮಂದಿ. ಪುರಸಭೆಯ ಚುನಾವಣೆ ನಡೆಯುವುದು ಏಪ್ರಿಲ್‌ನಲ್ಲಿ, ಅಧ್ಯಕ್ಷರ ಚುನಾವಣೆಯ ಗದ್ದಲವಿಲ್ಲದ ಕಾಲದಲ್ಲಿ. 2013ರಲ್ಲಿ ಮತ ಹಾಕಿದವರು ಶೇ. 12ರಷ್ಟು. ಉಳಿದುಕೊಂಡಿದ್ದ ಬಿಳಿಯರು ವಯಸ್ಸಾದವರು, ಸ್ವಂತ ಮನೆಯವರು, ತಪ್ಪದೆ ಮತಗಟ್ಟೆಗೆ ಹೋಗುವವರು. ಬಾಡಿಗೆ ಮನೆಯ ಎಳೆಯ ಕುಟುಂಬಗಳು ವರ್ಷ ಎರಡು ವರ್ಷಕ್ಕೆ ಮನೆ ಬದಲಿಸುವವು; ಪಟ್ಟಿಯಲ್ಲಿ ಹೆಸರಿರುವುದೇ ಕಡಿಮೆ. 2015ರ ಏಪ್ರಿಲ್‌ನಲ್ಲಿ ಮತದಾನ ಶೇ. 30ಕ್ಕೆ ಏರಿ ಕೌನ್ಸಿಲ್‌ನ ಅರ್ಧ ಸ್ಥಾನಗಳು ಕಪ್ಪುವರ್ಣೀಯರಿಗೆ ಬಂದವು. ಫರ್ಗುಸನ್-ಫ್ಲೋರಿಸಂಟ್ ಶಾಲಾ ಮಂಡಳಿಯ ಚುನಾವಣಾ ಪದ್ಧತಿ ಮತದಾನದ ಹಕ್ಕಿನ ಕಾಯ್ದೆಗೆ ವಿರುದ್ಧ ಎಂದು 2016ರಲ್ಲಿ ಫೆಡರಲ್ ನ್ಯಾಯಾಧೀಶರು ತೀರ್ಪಿತ್ತರು. 2020ರಲ್ಲಿ ಎಲಾ ಜೋನ್ಸ್ ಊರಿನ ಮೊದಲ ಕಪ್ಪುವರ್ಣೀಯ ಮೇಯರ್ ಆದರು. ಕಪ್ಪುವರ್ಣೀಯರು ಬಹುಸಂಖ್ಯಾತರಾಗಿ ಆಗಲೇ ಎರಡು ದಶಕ ಕಳೆದಿತ್ತು.

ಬೊಕ್ಕಸದ ಸಮಸ್ಯೆ ಇದರಿಂದ ಬಗೆಹರಿಯಲಿಲ್ಲ. ಸಂಚಾರ ದಂಡದಿಂದ ಪುರಸಭೆಗಳು ಪಡೆಯಬಹುದಾದ ಆದಾಯಕ್ಕೆ ಮಿಸೌರಿ ಶಾಸಕಾಂಗ 2015ರಲ್ಲಿ ಬಿಗಿಯಾದ ಮಿತಿ ಹಾಕಿತು. ನ್ಯಾಯ ಇಲಾಖೆಯೊಂದಿಗೆ 2016ರಲ್ಲಿ ಆದ ಒಪ್ಪಂದದಂತೆ ಪೊಲೀಸ್ ಸುಧಾರಣೆಗೆ ಖರ್ಚು ಬೇರೆ. ದಂಡದ ಹಣ ಇಳಿಯಿತು, ಅದರ ಜಾಗಕ್ಕೆ ತೆರಿಗೆ ಬರಬೇಕಾಯಿತು. 2016ರ ಏಪ್ರಿಲ್‌ನಲ್ಲಿ ಮತಕ್ಕೆ ಹಾಕಿದಾಗ ಮಾರಾಟ ತೆರಿಗೆಯ ಏರಿಕೆಯನ್ನು ಜನ ಒಪ್ಪಿದರು, ಆಸ್ತಿ ತೆರಿಗೆಯದನ್ನು ತಿರಸ್ಕರಿಸಿದರು. ಹೊಸ ಬಂಡವಾಳ ಒಂದಿಷ್ಟು ಬಂತು: ಸೆಂಟೀನ್ ಎಂಬ ಆರೋಗ್ಯ ವಿಮೆ ಕಂಪನಿಯ ಸೇವಾ ಕೇಂದ್ರ, ಬ್ರೌನ್ ಸಾವಿನ ನಂತರದ ಗಲಭೆಯಲ್ಲಿ ಸುಟ್ಟ ಪೆಟ್ರೋಲ್ ಬಂಕಿನ ಜಾಗದಲ್ಲಿ ಅರ್ಬನ್ ಲೀಗ್ ಸಂಸ್ಥೆಯ ತರಬೇತಿ ಕೇಂದ್ರ. ಆದರೆ ದಶಕಗಳಿಂದ ಊರಿನ ದೊಡ್ಡ ಹೆಸರಾಗಿದ್ದ ಎಮರ್ಸನ್ ತನ್ನ ಮುಖ್ಯ ಕಚೇರಿಯನ್ನು ಕೌಂಟಿಯ ಸಿರಿವಂತ ಪಟ್ಟಣ ಕ್ಲೇಟನ್‌ಗೆ ಒಯ್ಯುವುದಾಗಿ 2023ರಲ್ಲಿ ಪ್ರಕಟಿಸಿತು.

2020ರ ಜನಗಣತಿಯಲ್ಲಿ ಫರ್ಗುಸನ್‌ನ ಜನಸಂಖ್ಯೆ 18,527. ಹತ್ತು ವರ್ಷದಲ್ಲಿ 2,676 ಜನ, ಅಂದರೆ ಎಂಟರಲ್ಲಿ ಒಬ್ಬರು ಕಡಿಮೆ. ಅದೇ ಅವಧಿಯಲ್ಲಿ ಇಡೀ ಕೌಂಟಿ 9,98,954ರಿಂದ 10,04,125ಕ್ಕೆ ತುಸು ಬೆಳೆದಿತ್ತು. ಹತ್ತರಲ್ಲಿ ಏಳಕ್ಕೂ ಹೆಚ್ಚು ಜನ ಕಪ್ಪುವರ್ಣೀಯರು ಎಂಬಲ್ಲಿಗೆ ಪಾಲು ಏರಿದ್ದು ನಿಜ, ಆದರೆ ತಲೆಲೆಕ್ಕದಲ್ಲಿ ಅವರೂ ಇಳಿದಿದ್ದರು. ನಲವತ್ತು ವರ್ಷ ಬರುತ್ತಲೇ ಇದ್ದವರ ಎಣಿಕೆ ಮೊದಲ ಸಲ ಹಿಂದೆ ಸರಿದಿತ್ತು. ಉತ್ತರಕ್ಕಿರುವ ಫ್ಲೋರಿಸಂಟ್‌ನಲ್ಲಿ 2010ರಲ್ಲಿ ಕಾಲು ಭಾಗದಷ್ಟಿದ್ದ ಕಪ್ಪುವರ್ಣೀಯರ ಪಾಲು ಆ ಹತ್ತು ವರ್ಷಗಳಲ್ಲಿ ಇನ್ನಷ್ಟು ಏರಿತು. 1990ರಲ್ಲಿ ಫರ್ಗುಸನ್ ನಿಂತಿದ್ದ ಜಾಗವೂ ಅದೇ ಕಾಲು ಭಾಗ.